ಬ್ರೇಕಮ್ಮ ದೇವರ ಜತೆ ಮತ್ತೆ ಮಾತಾಡಿದ್ದು

ಡ್ರೈವಿಂಗ್ ಶಾಲೆಯಲ್ಲಿ ಕಲಿಸುತ್ತಿದ್ದ ಆ ಹೆಂಗಸಿಗೆ ಬ್ರೇಕಮ್ಮ ಎಂದು ಹೆಸರಿಟ್ಟವರು ಅವಳ ಶಿಷ್ಯರೇ. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನವರ ಕಾಲಡಿಯಲ್ಲೂ ಒಂದು ಬ್ರೇಕ್ ಇರುತ್ತದೆ. ಅದನ್ನು ಒತ್ತುವ ಮೊದಲು ಆಕೆ "ಬ್ರೇಕು! ಬ್ರೇಕು ಕಣಯ್ಯಾ!" ಎಂದು ಕೂಗಿದರೆ ಎದುರಿಗೆ ಬರುವ ಸೈಕಲ್ಲುಗಳೂ ಗಕ್ಕನೆ ನಿಲ್ಲುತ್ತಿದ್ದವು.

ಗಂಡ ಕ್ಷೌರದಂಗಡಿ ಇಟ್ಟಿದ್ದ, ಮಾತು ಕಮ್ಮಿ. ಅವನ ಪಾಲಿನ ಮಾತನ್ನೂ ಅವನ ತಾಯಿಯೇ ಆಡುತ್ತಿದ್ದಳು, ಅದೂ ದೇವರ ಜತೆ. ಬೆಳಗಾದರೆ ಸಾಕು, ಅತ್ತೆ ಅಡುಗೆಮನೆಯ ಕಿಟಕಿಗೆ ಮುಖ ಮಾಡಿ ಗಟ್ಟಿಯಾಗಿ ಪ್ರಾರ್ಥನೆ ಶುರು ಮಾಡುವಳು.

"ದೇವರಿಗೇನು ಕಿವುಡಾ ಅತ್ತೆ?" ಎಂದು ಬ್ರೇಕಮ್ಮ ಕೇಳುವಳು.

"ನಿನ್ನ ಗಂಟಲಿನ ಮಧ್ಯೆ ಅವನಿಗೆ ಕೇಳಬೇಕಲ್ಲ, ಅದಕ್ಕೇ ಕೂಗ್ತೀನಿ."

ಬ್ರೇಕಮ್ಮ ನಾಸ್ತಿಕಳಲ್ಲ. ದೇವರಿಲ್ಲ ಎಂದು ಅವಳು ಯಾವತ್ತೂ ಹೇಳಿದವಳಲ್ಲ. ಮೊದಲ ಮಗು ಜ್ವರದಲ್ಲಿ ಹೋದಂದಿನಿಂದ ಅವನ ಜತೆ ಮಾತು ಬಿಟ್ಟಿದ್ದಳು, ಅಷ್ಟೇ. ಬೇಕಿದ್ದರೆ ಅವನೇ ಮೊದಲು ಮಾತಾಡಿಸಲಿ ಎಂಬ ಹಟ.

ಒಂದು ಮಧ್ಯಾಹ್ನ ಹೊಸ ಶಿಷ್ಯನೊಬ್ಬ ಬಂದ. ತೆಂಗಿನ ಮರದ ಹಾಗೆ ಉದ್ದನೆಯ ಆಳು. ಜತೆಗೊಬ್ಬ ಗಡ್ಡದ ಸ್ನೇಹಿತ ಹಿಂದಿನ ಸೀಟಿನಲ್ಲಿ ಕೂತ. ಉದ್ದನೆಯವನು ಸ್ಟಿಯರಿಂಗ್ ಹಿಡಿದು ಕಣ್ಣು ಮುಚ್ಚಿ ಏನೋ ಪಿಸುಗುಟ್ಟಿಕೊಂಡ. ಭಯಸ್ಥ ಪಾಪ, ಅಂದುಕೊಂಡಳು. ಊರಾಚೆಯ ಖಾಲಿ ರಸ್ತೆ ತಲುಪುತ್ತಿದ್ದಂತೆ ಹಿಂದಿನಿಂದ ಚಾಕು ಬಂದು ಕುತ್ತಿಗೆಗೆ ತಣ್ಣಗೆ ತಾಗಿತು. ಕಿರುಚೋಣವೆಂದರೆ ಊರನ್ನೇ ನಿಲ್ಲಿಸುತ್ತಿದ್ದ ಆ ಗಂಟಲಿನಿಂದ ಗಾಳಿ ಮಾತ್ರ ಹೊರಟಿತು. ಗಡ್ಡದವನು ಅವಳ ಕಣ್ಣಿಗೆ ಬಟ್ಟೆ ಕಟ್ಟಿ, ಉದ್ದನೆಯವನನ್ನು ಹಿಂದಕ್ಕೆ ಕಳಿಸಿ, ತಾನೇ ಕಾರು ಓಡಿಸಿದ.

ಅವಳನ್ನು ಕೂಡಿಹಾಕಿದ್ದು ಮುಚ್ಚಿಹೋದ ಬಿಸ್ಕತ್ತು ಕಾರ್ಖಾನೆಯೊಂದರ ಉಗ್ರಾಣದಲ್ಲಿ. ಗೋಡೆಗೆಲ್ಲ ಹಳೆಯ ಸಿಹಿ ವಾಸನೆ ಅಂಟಿಕೊಂಡಿತ್ತು, ಮೂಲೆಯಲ್ಲಿ ಇಲಿಗಳ ಸಂಸಾರ. ಕೈಗಳನ್ನು ಹಿಂದಕ್ಕೆ ಕಟ್ಟಿ ಬಾಗಿಲು ಹಾಕಿದರು. ಆಚೆ ಗಡ್ಡದವನು ಶಾಲೆಯ ಯಜಮಾನನಿಗೆ ಫೋನ್ ಮಾಡಿದ್ದು ಸ್ಪೀಕರಿನಲ್ಲಿ ಸ್ಪಷ್ಟವಾಗಿ ಕೇಳುತ್ತಿತ್ತು.

"ನಿನ್ನ ಹೆಂಡ್ತಿ ನಮ್ಮ ಹತ್ರ ಇದಾಳೆ."

"ನನ್ನ ಹೆಂಡ್ತೀನಾ? ಇಲ್ಲೇ ಎದುರಿಗೆ ಕೂತು ನನ್ನ ಬೈತಿದಾಳಲ್ರೀ! ಬೇಕಾದ್ರೆ ಬಂದು ಕರ್ಕೊಂಡು ಹೋಗಿ, ಪುಣ್ಯ ಬರುತ್ತೆ."

ಫೋನ್ ಕಟ್ಟಾಯಿತು. ಯಜಮಾನನ ಹೆಂಡತಿಯೇ ಕಲಿಸುವುದೆಂದು ಯಾರೋ ಇವರ ಕಿವಿ ಕಚ್ಚಿದ್ದರು. ಬ್ರೇಕಮ್ಮನಿಗೆ ನಗು ಬಂತು, ಅದರ ಬೆನ್ನಿಗೇ ಒಂದು ಯೋಚನೆಯೂ ಬಂತು. ತಪ್ಪಿ ಹಿಡಿದ ಹೆಂಗಸನ್ನು ಇವರು ಏನು ಮಾಡುತ್ತಾರೆ?

ಆಗ ಬಾಗಿಲಾಚೆ ಉದ್ದನೆಯವನು ಬೇಡಿಕೊಳ್ಳುವುದು ಕೇಳಿಸಿತು. "ದೇವರೇ, ಈ ಕೆಲಸದಲ್ಲಿ ತೊಂದರೆ ಆಗದ ಹಾಗೆ ನೋಡ್ಕೋ."

ಬ್ರೇಕಮ್ಮನಿಗೆ ಮೈಯೆಲ್ಲ ಉರಿಯಿತು. "ಲೋ ಉದ್ದನೆಯವನೇ! ಇದಕ್ಕೂ ಅವನನ್ನ ಕೂಲಿಗೆ ಕರೀತೀಯಲ್ಲೋ! ನಾಚಿಕೆ ಆಗಲ್ವಾ?" ಆಮೇಲೆ ಸೂರಿನ ಕಡೆ ತಿರುಗಿದಳು. "ನೀನೂ ಅಷ್ಟೇ. ಇವನ ಮಾತಿಗೆ ಹೂಂ ಅಂದ್ರೆ ನೋಡು. ಇಷ್ಟು ವರ್ಷ ಆದ್ಮೇಲೆ ನಾನಾಗೇ ಮಾತಾಡಿಸ್ತಿದೀನಿ. ಮರ್ಯಾದೆಯಿಂದ ಕೇಳಿಸ್ಕೋ."

"ದೇವರಿಗೆ ಹಾಗೆಲ್ಲ ಅನ್ನಬೇಡಿ ಅಕ್ಕಾ," ಎಂದು ಆಚೆಯಿಂದ ಹೆದರಿದ ದನಿ ಬಂತು.

"ಬಾಯಿ ಮುಚ್ಚು. ಇದು ನಮ್ಮಿಬ್ಬರ ಜಗಳ."

ಮರುದಿನ ಇಳಿಹೊತ್ತಿಗೆ ಬಾಗಿಲಾಚೆ ಗಡ್ಡದವನ ದನಿ ಕೇಳಿಸಿತು. "ನಮ್ಮ ಮುಖ ನೋಡಿದಾಳೆ. ಬಿಟ್ಟರೆ ಕೆಟ್ಟೆವು. ಬೈಕಿಗೆ ಪೆಟ್ರೋಲ್ ಹಾಕಿಸ್ಕೊಂಡು ಬರ್ತೀನಿ, ಆಮೇಲೆ ಮುಗಿಸೋಣ," ಎಂದು ಹೇಳಿ, ಅಲ್ಲಿ ಮೊದಲೇ ನಿಲ್ಲಿಸಿಟ್ಟಿದ್ದ ಬೈಕ್ ಹತ್ತಿ ಹೋದ.

ಬೈಗುಳವೆಲ್ಲ ಆವಿಯಾಯಿತು. ಏನು ಬೇಡಬೇಕೋ ಅವಳಿಗೆ ತಿಳಿಯಲಿಲ್ಲ. ಆದರೆ ದಿನಾ ಬೆಳಿಗ್ಗೆ ಗೊಣಗಿಕೊಂಡು ಕೇಳಿಸಿಕೊಂಡಿದ್ದ ಅತ್ತೆಯ ಪ್ರಾರ್ಥನೆ ತಾನಾಗಿ ಬಾಯಿಗೆ ಬಂತು. ತನಗದು ಬರುತ್ತದೆಂದೇ ಅವಳಿಗೆ ಗೊತ್ತಿರಲಿಲ್ಲ. "ಬಿದ್ದವರನ್ನು ಎತ್ತುವವನೇ, ದಾರಿ ತಪ್ಪಿದವರನ್ನು ಹುಡುಕಿ ಬರುವವನೇ..." ಒಂದೊಂದು ಸಾಲಿಗೂ ಉಸಿರು ಹಿಡಿತಕ್ಕೆ ಬಂತು. ಮಗುವನ್ನು ಮಣ್ಣಲ್ಲಿ ಮಲಗಿಸಿ ಬಂದ ದಿನವೂ ಅತ್ತೆ ಇದನ್ನೇ ಹೇಳಿದ್ದಳು. ಅವತ್ತು ಆ ಮುದುಕಿಯ ದನಿ ನಡುಗಿದ್ದು ಈಗ ನೆನಪಾಯಿತು. ಅಲ್ಲಿಗೆ ಮುಂದಿನ ಸಾಲು ಮರೆತುಹೋಯಿತು.

ಬಾಗಿಲಾಚೆಯಿಂದ ಉದ್ದನೆಯವನು ಮೆಲ್ಲಗೆ ಹೇಳಿಕೊಟ್ಟ: "ನನ್ನ ಕೈಗಳು ಕೇಡು ಮಾಡದಂತೆ ಕಾಯು."

ಸ್ವಲ್ಪ ಹೊತ್ತಾದ ಮೇಲೆ ಚಿಲಕ ಸರಿಯಿತು. ಅವನ ಮುಖ ಬಿಳಚಿಕೊಂಡಿತ್ತು. "ಇದು ನಮ್ಮಮ್ಮ ಹೇಳ್ತಿದ್ದಿದ್ದು," ಎನ್ನುತ್ತ ಹಗ್ಗ ಬಿಚ್ಚಿ ಕಾರಿನ ಕೀ ಚಾಚಿದ. "ಹೋಗಿಬಿಡಿ ಅಕ್ಕಾ."

ಕೀ ಅವಳ ಬೆರಳಿಂದ ಜಾರಿ ಬಿತ್ತು. ಕೈ ಜೋಮು ಹಿಡಿದು ಕೊರಡಾಗಿತ್ತು.

"ನೀನೇ ಓಡಿಸು."

"ನನಗೆ ನಿಜವಾಗ್ಲೂ ಬರಲ್ಲ ಅಕ್ಕಾ!"

"ಕಲಿಯೋಕೆ ತಾನೇ ಬಂದಿದ್ದೆ? ಹತ್ತು!"

ಅವಳ ಜನ್ಮದಲ್ಲೇ ಅಂಥ ಪಾಠ ಇನ್ನೊಂದಿಲ್ಲ. ಕಾರು ಕಪ್ಪೆಯ ಹಾಗೆ ಕುಪ್ಪಳಿಸುತ್ತ ಹೊರಬಿತ್ತು. ದಾರಿಯಲ್ಲಿ ಗಡ್ಡದವನ ಬೈಕ್ ಎದುರಾಯಿತು. ಉದ್ದನೆಯವನು ಕಣ್ಣು ಮುಚ್ಚಿ ಪ್ರಾರ್ಥಿಸತೊಡಗಿದ.

"ಕಣ್ಣು ಬಿಡೋ ಕತ್ತೆ! ದೇವರ ಹತ್ರ ಲೈಸೆನ್ಸ್ ಇಲ್ಲ!"

ಕಾರು ಅಡ್ಡಾದಿಡ್ಡಿ ನುಗ್ಗಿದ ರಭಸಕ್ಕೆ ಬೈಕು ತಾನಾಗಿ ಚರಂಡಿಗಿಳಿಯಿತು. ಪೊಲೀಸ್ ಠಾಣೆಯ ಗೇಟಿಗೆ ಗುದ್ದುವ ಮೊದಲು ಬ್ರೇಕಮ್ಮ ತನ್ನ ಬ್ರೇಕನ್ನು ಎರಡೂ ಕಾಲಿನಿಂದ ಒತ್ತಿದಳು.

ಮನೆಯಲ್ಲಿ ಅತ್ತೆ ಅವಳನ್ನು ಅಪ್ಪಿಕೊಂಡು, "ನಾನು ಬೇಡಿಕೊಂಡಿದ್ದಕ್ಕೇ ನೀನು ಉಳಿದೆ," ಎಂದಳು. "ನಿಮ್ಮ ಪ್ರಾರ್ಥನೆಯಲ್ಲಿ ಒಂದು ಸಾಲು ಕೈ ಕೊಟ್ಟಿತು ಅತ್ತೆ, ಕಳ್ಳ ಹೇಳಿಕೊಡಬೇಕಾಯ್ತು," ಎಂದು ಇವಳು ಅತ್ತಳು. ಅತ್ತೆ ಹೋಗುವ ಪ್ರಾರ್ಥನಾ ಮಂದಿರದ ಹಿರಿಯರು ಬಂದು, ನಡೆದದ್ದನ್ನು ಸಭೆಯಲ್ಲಿ ನಿಂತು ಹೇಳಿ ಎಂದರು. ಬೈಗುಳ ಸಮೇತ ಹೇಳಬಹುದಾದರೆ ಬರುತ್ತೇನೆ ಎಂದಳು. ಅವರು ಟೀ ಕುಡಿದು ಹೋದರು.

ಗಡ್ಡದವನಿಗೂ ಉದ್ದನೆಯವನಿಗೂ ಜೈಲಾಯಿತು. ಉದ್ದನೆಯವನು ಬಾಗಿಲು ತೆಗೆದದ್ದನ್ನು ಬ್ರೇಕಮ್ಮ ನ್ಯಾಯಾಲಯದಲ್ಲಿ ಹೇಳಿದಳು. ಬಾಗಿಲು ಹಾಕಿದ್ದನ್ನೂ ಬಿಡದೆ ಹೇಳಿದಳು. ಅವನಿಗೆ ಶಿಕ್ಷೆ ಕಡಿಮೆಯಾಯಿತು.

ದೇವರ ಜತೆ ಮಾತು ಶುರುವಾಯಿತೆಂದು ಭಯವೇನೂ ಓಡಿಹೋಗಲಿಲ್ಲ. ಎಷ್ಟೋ ದಿನ ಬೆನ್ನ ಹಿಂದೆ ಯಾರು ಕೆಮ್ಮಿದರೂ ಕುತ್ತಿಗೆ ಮುಟ್ಟಿಕೊಳ್ಳುವಳು. ಮತ್ತೆ ಕೆಲಸಕ್ಕೆ ಹೊರಟ ದಿನ ಗಂಡ ಅಂಗಡಿಗೆ ಬೀಗ ಹಾಕಿ ಬಂದು ಹಿಂದಿನ ಸೀಟಿನಲ್ಲಿ ಕೂತ. ಪಾಠ ಮುಗಿಯುವವರೆಗೂ ಅವಳ ಹೆಗಲ ಮೇಲೆ ಕೈಯಿಟ್ಟುಕೊಂಡೇ ಇದ್ದ.