ಗುಂಡಿ ಒತ್ತುತ್ತಿದ್ದವಳು

ಅಕ್ಕ ಕೊನೆಯ ಸಲ ನಮ್ಮ ಮನೆಗೆ ಬಂದದ್ದು ಒಂದು ಸೋಮವಾರ. ನಾಲತವಾಡದಿಂದ ಹೊರಟು, ಮುದ್ದೇಬಿಹಾಳದಲ್ಲಿ ಬಸ್ಸು ಬದಲಿಸಿ, ಸಿಂದಗಿಗೆ ಬರುವಾಗ ಹನ್ನೊಂದಾಗಿತ್ತು. ಚೀಲದಲ್ಲಿ ಹುರಿದ ಶೇಂಗಾ ತಂದಿದ್ದಳು. ಇಬ್ಬರೂ ಕೂತು ಸಿಪ್ಪೆ ತಿಕ್ಕಿ ತೆಗೆದು ಚಟ್ನಿ ಕುಟ್ಟಿದೆವು. ತುಂಬಿಡಲು ಡಬ್ಬಿ ಹುಡುಕುತ್ತ ಅವಳು ಅಟ್ಟದ ಮೇಲೆ ಕೈಯಾಡಿಸಿದಳು. ಸಿಕ್ಕಿದ್ದು ಅವ್ವನ ಹಳೆಯ ಸೀರೆಯಲ್ಲಿ ಸುತ್ತಿಟ್ಟ ಟೇಪ್ ರೆಕಾರ್ಡರ್.

"ಲೇ, ಇದು ಇನ್ನಾ ಐತಿ!"

"ಐತಿ. ಆದ್ರ ತಿರಗಂಗಿಲ್ಲ, ಬೆಲ್ಟ್ ಹೋಗೇತಿ."

"ನಿನ್ನಂಗ ಆಗೇತಿ ಬಿಡು, ಕುಂತಲ್ಲೇ ಕುಂದ್ರತೈತಿ." ಮುಚ್ಚಳ ತೆರೆದು ನೋಡಿದಳು. ಕ್ಯಾಸೆಟ್ ಒಳಗೇ ಇತ್ತು. "ಇದರಾಗ ನಮ್ಮೆಲ್ಲಾರ ದನಿ ಅದಾವ. ರಿಪೇರಿ ಮಾಡ್ಸಿಡು. ಮುಂದಿನ ಸೋಮವಾರ ಬರ್ತೇನಿ, ಕೂಡಿ ಕೇಳೂಣು."

ಹೂಂ ಎಂದೆ. ನಾಲ್ಕರ ಬಸ್ಸಿಗೆ ಹೋದಳು. ನಾನು ನಿಲ್ದಾಣದವರೆಗೆ ಹೋಗಲಿಲ್ಲ. ಒಲೆಯ ಮೇಲೆ ಹಾಲಿತ್ತು.

ಮರುದಿನ ಬೆಳಿಗ್ಗೆ ಬಟ್ಟೆ ಒಣಹಾಕುವಾಗ ಬಿದ್ದಳಂತೆ. ಭಾವ ಫೋನು ಮಾಡಿದರು. ಹೃದಯ ನಿಂತಿತು ಎಂದರು. ಹೋಗಿ ಬಂದೆ. ಮಾಡಬೇಕಾದದ್ದನ್ನೆಲ್ಲ ಮಾಡಿದೆವು. ನನಗೆ ಅಳು ಬರಲಿಲ್ಲ, ಈಗಲೂ ಬಂದಿಲ್ಲ. ಆ ಚಟ್ನಿಯನ್ನು ದಿನಾ ರೊಟ್ಟಿಗೆ ಹಚ್ಚಿಕೊಂಡು ತಿಂದೆ. ಮುಗಿಯಿತು.

ಆಮೇಲೆ ತಲೆಯಲ್ಲಿ ಉಳಿದದ್ದು ಒಂದೇ: ಅವಳ ದನಿ ಎಲ್ಲಾದರೂ ಇದೆಯೇ? ಅವಳದು ಗುಂಡಿಯ ಫೋನು, ದನಿ ತುಂಬಿ ಕಳಿಸುವಂಥದ್ದಲ್ಲ. ಆಡಿದ ಮಾತು ಆಗಲೇ ಹೋಯಿತು. ಮದುವೆಗಳ ವಿಡಿಯೊದಲ್ಲಿ ಅವಳು ಕಾಣುತ್ತಾಳೆ, ಬಾಯಿ ಆಡುತ್ತದೆ, ಕೇಳುವುದು ಬ್ಯಾಂಡು. ಉಳಿದದ್ದು ಆ ಟೇಪು.

ನಾವು ಶಾಲೆಗೆ ಹೋಗುವ ಕಾಲಕ್ಕೆ ಅಪ್ಪ ಗೋವಾದಲ್ಲಿ ಮನೆ ಕಟ್ಟುವ ಗೌಂಡಿ ಕೆಲಸದಲ್ಲಿದ್ದ. ಓದು ಬಾರದು. ನಾವು ಕಾಗದ ಬರೆದರೆ ಅಲ್ಲಿ ಇನ್ನೊಬ್ಬರು ಓದಿ ಹೇಳಬೇಕು. ಮನೆಯ ಮಾತು ಮಂದಿಯ ಬಾಯಿಂದ ಹೋಗುವುದು ಅವ್ವನಿಗೆ ಸೇರುತ್ತಿರಲಿಲ್ಲ. ಅದಕ್ಕೇ ಕ್ಯಾಸೆಟ್. ಮಾತು ತುಂಬಿ ಗೋವಾ ಬಸ್ಸಿನ ಕಂಡಕ್ಟರ ಕೈಗೆ ಕೊಡುತ್ತಿದ್ದೆವು. ಅಪ್ಪ ಜೊತೆಗಾರನ ಟೇಪಿನಲ್ಲಿ ಹಾಕಿ ಕೇಳಿ, ಅದರ ಮೇಲೆಯೇ ತನ್ನ ಮಾತು ತುಂಬಿ ಕಳಿಸುತ್ತಿದ್ದ. ಇದ್ದದ್ದು ಒಂದೇ ಕ್ಯಾಸೆಟ್. ಅವನ ಮಾತು ನಮ್ಮದನ್ನು ಅಳಿಸುತ್ತಿತ್ತು, ನಮ್ಮದು ಅವನದನ್ನು. ಅದರಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ. ಕೇಳಿ ಆಗಿತ್ತಲ್ಲ.

ಯಂತ್ರ ಅಕ್ಕನ ವಶ. ಸೆಲ್ಲುಗಳನ್ನು ಮಾಳಿಗೆಯ ಮೇಲೆ ಬಿಸಿಲಿಗಿಟ್ಟು ಜೀವ ಬರಿಸುವವಳು ಅವಳೇ, ಟೇಪನ್ನು ತೊಡೆಯ ಮೇಲಿಟ್ಟುಕೊಂಡು ಎರಡು ಗುಂಡಿ ಕೂಡಿಸಿ ಒತ್ತುವವಳೂ ಅವಳೇ. ಆಯಿ, ಅಂದರೆ ಅಪ್ಪನ ಅವ್ವ, ಗೋವಾ ದೂರವೆಂದು ಕೂಗಿ ಮಾತಾಡುತ್ತಿದ್ದಳು. ಅಕ್ಕ ತಡೆಯುತ್ತಿದ್ದಳು:

"ಒದರಬ್ಯಾಡ ಆಯಿ. ನಿನ್ನ ಮಗ ಇದರಾಗ ಕುಂತಾನ ಅನ್ಕೋ."

"ಇಷ್ಟ್ ಸಣ್ಣದರಾಗ ಹ್ಯಾಂಗ ಕುಂದ್ರತಾನಬೇ? ಆ ಹೊಟ್ಟಿ ಎಲ್ಲಿ ಇಡ್ತಾನ?"

ಎಲ್ಲರ ನಗು ನಿಂತ ಮೇಲೆಯೇ ಅಕ್ಕ ಗುಂಡಿ ಒತ್ತುತ್ತಿದ್ದಳು.

ಒಂದು ವರ್ಷ ಅಪ್ಪ ಕೆಲಸ ಬಿಟ್ಟು ಊರಿಗೆ ಬಂದ. ನಾವು ಕೊನೆಗೆ ತುಂಬಿ ಕಳಿಸಿದ್ದ ಕ್ಯಾಸೆಟ್ ಅಂಗಿಯ ಜೇಬಿನಲ್ಲೇ ಇತ್ತು. ಅದರ ಮೇಲೆ ಅವನು ಏನೂ ತುಂಬಿರಲಿಲ್ಲ. ಅದೇ ಈಗ ಅಟ್ಟದಲ್ಲಿ ಸಿಕ್ಕಿದ್ದು.

ಸಿಂದಗಿಯಲ್ಲಿ ಟೇಪು ಮುಟ್ಟುವವರು ಸಿಗಲಿಲ್ಲ. ಇಂಡಿಯಲ್ಲೂ ಮೊಬೈಲು ಮಾತ್ರ ಎಂದರು. ಬಸವನ ಬಾಗೇವಾಡಿಯಲ್ಲಿ ಒಬ್ಬ ಮುದುಕರು ಇದ್ದಾರೆಂದು ಕೇಳಿ ಒಯ್ದೆ. ಅವರು ಬಿಚ್ಚಿ ನೋಡಿದರು. ಹಳೆಯ ಬೆಲ್ಟು ಕರಗಿ ಡಾಂಬರಿನಂತೆ ಅಂಟಿಕೊಂಡಿತ್ತು.

"ಎಲ್ಲಾರ ದನಿ ಬರ್ತಾವೇನ್ರಿ?" ಎಂದೆ.

"ತುಂಬಿದ್ದು ಬರ್ತೈತ್ರಿ ಅಕ್ಕಾರ. ತುಂಬದ್ದು ಹ್ಯಾಂಗ ಬರಬೇಕು?"

ಹೊಸ ಬೆಲ್ಟು ಹಾಕಿಸಿಕೊಂಡು ಬಂದು, ಒಂದು ಮಧ್ಯಾಹ್ನ ಬಾಗಿಲು ಮುಂದೆ ಮಾಡಿಕೊಂಡು ಟೇಪು ಹಚ್ಚಿದೆ. ಗರಗರ ಸದ್ದಾದ ಮೇಲೆ ಆಯಿ ಕೂಗಿದಳು: ಎಮ್ಮೆ ಈದೇತಿ, ಹೆಣ್ಣುಗರ. ಅವ್ವ ಮೆಲ್ಲಗೆ, ಉಂಡ್ಯಾ, ಕೆಮ್ಮು ಕಡಿಮಿ ಆತಾ ಎಂದಳು. ನಾನು ಹದಿಮೂರರ ಮಗ್ಗಿ ಹೇಳುತ್ತಿದ್ದೆ, ನಡುವೆ ತಪ್ಪಿದೆ. ಮತ್ತೆ ಆಯಿ, ಈಗ ಅಕ್ಕನಿಗೆ:

"ಬರೋಬ್ಬರಿ ಆತೇನ ತಂಗಿ?"

ಟೇಪು ಸುಮ್ಮನೆ ತಿರುಗಿತು.

"ಕೇಳಾಕತ್ತೇನಿ, ಮಾತಾಡ. ಬಾಯಾಗ ಕಡಬು ಇಟ್ಕೊಂಡೀಯೇನು?"

ಮತ್ತೂ ಸುಮ್ಮನೆ. ಆಮೇಲೆ ಟಕ್ ಎಂದು ಗುಂಡಿ ಎದ್ದ ಸದ್ದು.

ಆಗ ನೆನಪಾಯಿತು. ಟೇಪು ಅವಳ ತೊಡೆಯ ಮೇಲಿರುತ್ತಿತ್ತು, ಮೈಕು ಅವಳ ಬಾಯಿಗೆ ಹತ್ತಿರ. ತಾನು ಮಾತಾಡಿದರೆ ಉಳಿದವರ ದನಿ ಮುಳುಗುತ್ತದೆಂದು ಗುಂಡಿ ಒತ್ತಿದ ಮೇಲೆ ಅಕ್ಕ ತುಟಿ ಬಿಚ್ಚುತ್ತಿರಲಿಲ್ಲ. ಆಯಿಗೆ ತಲೆಯಾಡಿಸಿಯೇ ಹೌದೆನ್ನುತ್ತಿದ್ದಳು. ಅಂದು ಟೇಪು ಕೈಯಲ್ಲಿ ಹಿಡಿದು ನಮ್ಮೆಲ್ಲಾರ ದನಿ ಎಂದಾಗ ಅವಳಿಗೂ ಇದು ಮರೆತಿತ್ತು.

ತಿರುವಿ ಹಾಕಿ ಇನ್ನೊಂದು ಬದಿಯನ್ನೂ ಪೂರ್ತಿ ಕೇಳಿದೆ. ಆಯಿಯ ದನಿ ಇದೆ, ಅವ್ವನದು ಇದೆ, ನನ್ನದು ಇದೆ. ಗುಂಡಿಯ ಸದ್ದು ಪ್ರತಿ ಸಲವೂ ಇದೆ. ಅಕ್ಕನ ದನಿ ಇಲ್ಲ.