ಪೂಲಿಗೆ ಇನ್ನೂ ಅವಕಾಶ

ಮಳೆಗಾಲ ಹಿಡಿದರೆ ದೀಪಾವಳಿಯವರೆಗೆ ನಮ್ಮ ಊರಿಗೆ ನೆಲದ ದಾರಿ ಇರುವುದಿಲ್ಲ. ಮೂರು ಕಡೆ ಹೊಳೆ ಬಾಗಿ ಹರಿಯುತ್ತದೆ, ನಾಲ್ಕನೆಯ ಕಡೆ ಒಂದು ಹಳ್ಳ. ಅಪ್ಪ ಸಣ್ಣವನಿದ್ದಾಗ ಆ ಹಳ್ಳವನ್ನು ಧೋತರ ಎತ್ತಿ ದಾಟುತ್ತಿದ್ದರಂತೆ. ಕೆಳಗೆ ಬಂಧಾರ ಕಟ್ಟಿ ನೀರು ನಿಲ್ಲಿಸಿದ ಮೇಲೆ ಹಿನ್ನೀರು ಹಳ್ಳಕ್ಕೂ ಏರಿತು, ಊರು ನಡುಗಡ್ಡೆಯಾಯಿತು. ಹಳ್ಳಕ್ಕೆ ಸೇತುವೆ, ನಮ್ಮ ಮಾತಿನಲ್ಲಿ ಪೂಲು, ಕಟ್ಟುತ್ತೇವೆಂದು ಬಂದವರು ಎರಡು ಕಂಬ ನಿಲ್ಲಿಸಿ ಹೋದರು. ಈಗ ಅವುಗಳ ಮೇಲೆ ಬೆಳ್ಳಕ್ಕಿಗಳು ಕೂರುತ್ತವೆ. ಆಮೇಲೆ ಸರಕಾರದ ಒಂದು ಕೇಸರಿ ಬಣ್ಣದ ಬೋಟು ಬಂತು. ಬೋಟು ಒಂದು ಖಾತೆಯದು, ಅದರ ಇಂಜಿನ್ ಇನ್ನೊಂದು ಖಾತೆಯಿಂದ ಬರಬೇಕಿತ್ತು, ಬರಲಿಲ್ಲ. ಬೋಟು ಶಾಲೆಯ ಹಿಂದೆ ಬೋರಲು ಬಿದ್ದಿದೆ, ಅದರ ಕೆಳಗೆ ಕೋಳಿಗಳು ಮೊಟ್ಟೆ ಇಡುತ್ತವೆ. ನಾವು ಥರ್ಮಾಕೋಲನ್ನು ಗೋಣಿಚೀಲದಲ್ಲಿ ತುಂಬಿ ಹೊಲಿದ ತೆಪ್ಪದ ಮೇಲೆ ಕುಕ್ಕರುಗಾಲಲ್ಲಿ ಕೂತು, ಹಗ್ಗ ಎಳೆಯುತ್ತ ದಾಟುತ್ತೇವೆ.

ಹೊಳೆಯ ಆಚೆ ದಡ ಕರ್ನಾಟಕ, ಈಚೆ ನಮ್ಮದು ಮರಾಠಿ ಸೀಮೆ. ಅಲ್ಲಿಯ ಊರಿಗೂ ಒಂದು ಹಳ್ಳ ಅಡ್ಡ ಇತ್ತು, ಅದಕ್ಕೆ ಪೂಲಾಗಿದೆ, ಪೂಲಿನ ಮೇಲೆ ದೀಪಗಳಿವೆ. ಸಂಜೆ ನಮ್ಮ ಅಂಗಳದಿಂದ ಅವು ಕಾಣುತ್ತವೆ. ಅಲ್ಲಿಯ ಹುಡುಗಿಯರು ಪುಕ್ಕಟೆ ಬಸ್ಸಿನಲ್ಲಿ ಕಾಲೇಜಿಗೆ ಹೋಗುತ್ತಾರೆ. ನಮಗೂ ಅರ್ಧ ಟಿಕೀಟು ಇದೆ. ಆದರೆ ಅರ್ಧ ಟಿಕೀಟು ತೆಗೆಯಲಿಕ್ಕೂ ಇಡೀ ಬಸ್ಸು ಬರಬೇಕಲ್ಲ. ಆ ದೀಪಗಳನ್ನು ನೋಡಿದ ರಾತ್ರಿ ನನಗೆ ರೊಟ್ಟಿ ಸೇರುತ್ತಿರಲಿಲ್ಲ. ಅವ್ವ ದೃಷ್ಟಿ ತಾಗಿದೆ ಎನ್ನುತ್ತಿದ್ದಳು. ತಾಗಿದ್ದು ನನ್ನದೇ ದೃಷ್ಟಿ, ಅವರಿಗೆ.

ನಾನು ಉದಗೀರದಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಡೈರಿಯಲ್ಲಿ ತಾರೀಖಿನ ಮುಂದೆ, ಕಾಲೇಜು ಮುಟ್ಟಿದ ದಿನ ಗೀಟು, ಮುಟ್ಟದ ದಿನ ಸೊನ್ನೆ ಹಾಕುತ್ತಿದ್ದೆ. ಎರಡನೆಯ ವರ್ಷದ ಶ್ರಾವಣದಲ್ಲಿ ಸೊನ್ನೆಗಳೇ ಹೆಚ್ಚಾದವು. ರಸಾಯನಶಾಸ್ತ್ರದ ಮೇಡಂ ಕರೆದು, ಮುಂದಿನ ವರ್ಷವೂ ಪ್ರಯೋಗಗಳು ಹೀಗೆ ತಪ್ಪಿದರೆ ಕೊನೆಯ ಪರೀಕ್ಷೆಗೆ ಕೂರಿಸುವುದಿಲ್ಲ ಎಂದರು. ಸಿಟ್ಟಿನಿಂದ ಹೇಳಲಿಲ್ಲ, ಅದಕ್ಕೇ ಹೆದರಿಕೆಯಾಯಿತು.

ಅಪ್ಪನಿಗೆ ಹೇಳಿದೆ. ಅಪ್ಪ ಉದಗೀರದ ಮೋಂಢಾಕ್ಕೆ, ಅಂದರೆ ಧಾನ್ಯದ ಪೇಟೆಗೆ, ತೊಗರಿ ಹಾಕುವವನು. ಅಲ್ಲಿಯ ಅಡತಿ ಅಂಗಡಿಯವರು, ಮಾಲು ಮಾರಿಸಿಕೊಡುವ ದಲಾಲರು, ನಮ್ಮ ಮಂದಿಯೇ. ಅಂಗಡಿಯ ಮೇಲಿನ ಒಂದು ಖೋಲಿ ನಮಗೆ ಬಾಡಿಗೆಗೆ ಕೊಡಲು ಒಪ್ಪಿದರು. ನಾನೂ ಅವ್ವನೂ ಮಳೆಗಾಲ ಅಲ್ಲಿರುವುದು, ಅಪ್ಪ ಎಮ್ಮೆಗಳನ್ನು ನೋಡಿಕೊಂಡು ಊರಲ್ಲಿರುವುದು ಎಂದಾಯಿತು. ನಾನು ಹೋಗಿ ನೋಡಿ ಬಂದೆ. ಬೀದಿಯ ಕಡೆ ಒಂದು ಕಿಟಕಿ, ಒಳಗೇ ನಲ್ಲಿ. ಕಿಟಕಿಯ ಬಾಗಿಲಿಗೆ ಯಾರೋ ಹಸಿರು ಬಣ್ಣ ಅರ್ಧ ಹಚ್ಚಿ ಬಿಟ್ಟಿದ್ದರು. ಉಳಿದರ್ಧ ನಾನೇ ಹಚ್ಚಬೇಕೆಂದುಕೊಂಡೆ.

ಮುಂದಿನ ವರ್ಷ ಮಿರಗದ ಮಳೆ ಕೂಡುವ ಮುಂಚೆ ಅಪ್ಪ ಕೊನೆಯ ಸಲ ಎಂದು ನಿಲಂಗಾದ ಕಚೇರಿಗೆ ಪೂಲಿನ ವಿಷಯ ಕೇಳಲು ಹೋದ. ಸಂಜೆ ತಿರುಗಿ ಬಂದಾಗ ಕೈಯಲ್ಲಿ ಪೇಢೆಯ ಪುಡಿಕೆ ಇತ್ತು.

"ಸಾಹೇಬ ಮಾರಿ ನೋಡಿ ಹೇಳ್ಯಾನ. ಪೂಲಿಗಿ ಇನ್ನಾ ಅವಕಾಶ ಅದ ಅಂದಾನ."

"ಹೋದ ವರ್ಷನೂ ಹಿಂಗೇ ಅಂದಿದ್ರಿ," ಎಂದಳು ಅವ್ವ.

"ಹೋದ ವರ್ಷ ಅಂವಾ ಮಾರೀನೇ ಎತ್ತಲಿಲ್ಲ. ಈ ಸಲ ಕುಂದ್ರು ಕಾಕಾ ಅಂದು, ಚಾ ಕುಡಿಸಿ ಹೇಳ್ಯಾನ."

"ಮತ್ತ ಆ ಖೋಲಿ?"

"ಖೋಲಿ ಯಾಕ? ಪೂಲ ಆಗ್ತಿದ್ರ ಇಕಿ ಮನಿಂದ ಹೋಗಿ ಮನಿಗಿ ಬರ್ತಾಳ. ನಾಳೆ ಅಡತಿಯವ್ರಿಗಿ ಬ್ಯಾಡ ಅಂತ ಹೇಳ್ತೀನಿ."

ನಾನು ಪೇಢೆ ತಿಂದೆ. ಅಪ್ಪನ ಮುಖ ನೋಡಿ ನನಗೂ ನಂಬಬೇಕೆನಿಸಿತು.

ಎಂಟು ದಿನದೊಳಗೆ ಆ ಖೋಲಿಗೆ ನಮ್ಮ ಎದುರು ಮನೆಯವರು ಹೋದರು. ಆ ಮನೆಯ ಹುಡುಗಿ ನನ್ನ ಗೆಳತಿ, ನನ್ನದೇ ವರ್ಗ, ನನ್ನದೇ ಬೆಂಚು. ಅವಳಪ್ಪನದು ಊರಿನ ಒಂದೇ ಹಿಟ್ಟಿನ ಗಿರಣಿ. ಪೂಲಿನ ಸುದ್ದಿ ಅವರೂ ಕೇಳಿದ್ದರು. ಅವಳವ್ವನನ್ನು ನಾನು ಕಾಕು ಎನ್ನುತ್ತೇನೆ. ಆಕೆ ನಮ್ಮ ಕಟ್ಟೆಯ ಮೇಲೆ ಕೂತು, "ಪೂಲ ಆಗ್ಲಿ ಯವ್ವಾ, ಆದ ಮ್ಯಾಲ ಅದರ ಮ್ಯಾಲಿಂದೇ ತಿರುಗಿ ಬರ್ತೀವಿ," ಎಂದು ನಕ್ಕಳು. ಗಿರಣಿಯ ಕಲ್ಲುಗಳು ಟ್ರ್ಯಾಕ್ಟರ್‌ನಲ್ಲಿ ಹೋದವು. ಹಳ್ಳದಲ್ಲಿ ಆಗ ನೀರು ಇಳಿದಿತ್ತು. ಅಂದಿನಿಂದ ಊರವರು ಜೋಳ ಬೀಸಿಸಲು ಕೂಡ ಹಳ್ಳ ದಾಟಬೇಕು. ಗೆಳತಿ ಟ್ರ್ಯಾಕ್ಟರ್ ಹತ್ತುವಾಗ, "ಖಿಡಕಿ ಭಾಳ ಛಂದ ಅದಂತಲೇ, ನೀ ನೋಡೀಯಂತ?" ಎಂದು ಕೇಳಿದಳು. ನಾನು ನೆನಪಿಲ್ಲ ಎಂದೆ.

ಮಳೆ ಬಂತು, ಸೊನ್ನೆಗಳೂ ಬಂದವು. ನಾನು ಒದ್ದೆ ಸಲವಾರಿನಲ್ಲಿ ಹೋಗಿ ಕೂತರೆ ಪಕ್ಕದಲ್ಲಿ ಆಕೆ ಇಸ್ತ್ರಿ ಮಾಡಿದ ದುಪಟ್ಟಾ ಹಾಕಿಕೊಂಡು ಇರುತ್ತಿದ್ದಳು. ಬೆಳಿಗ್ಗೆ ತಡವಾಗಿ ಏಳುವುದು, ಆದರೂ ಓಡಿ ಬಂದು ಗಂಟೆ ಹೊಡೆಯುವ ಮುಂಚೆ ಮುಟ್ಟುವುದು, ಮಧ್ಯಾಹ್ನ ಮನೆಗೆ ಹೋಗಿ ಬಿಸಿ ರೊಟ್ಟಿ ತಿಂದು ಬರುವುದು, ಎಲ್ಲ ಹೇಳುತ್ತಿದ್ದಳು. ನಾನು ಬಿಟ್ಟ ಪ್ರಯೋಗಗಳನ್ನು ತನ್ನ ವಹಿ ಕೊಟ್ಟು ಬರೆಸುತ್ತಿದ್ದಳು. ಅವಳ ಅಕ್ಷರ ಆ ವರ್ಷ ನನ್ನದಕ್ಕಿಂತ ದುಂಡಗಾಗಿತ್ತು. ತೆಪ್ಪದ ಹಗ್ಗ ಎಳೆಯದ ಕೈ.

ಒಂದು ದಿನ ಗಣಿತದ ಸರ್ ಮರಾಠಿಯಲ್ಲಿ, "ಘಾಬರೂ ನಕಾ, ಪರೀಕ್ಷೇಲಾ ಅಜೂನ್ ಅವಕಾಶ ಆಹೆ," ಎಂದರು. ಎಲ್ಲರೂ ಹಾಯಾಗಿ ಉಸಿರು ಬಿಟ್ಟರು. ಹೆದರಬೇಡಿ, ಪರೀಕ್ಷೆಗೆ ಇನ್ನೂ ಬಹಳ ದಿನವಿದೆ ಎಂದು ಅದರ ಅರ್ಥ. ನನ್ನ ಕೈಯ ಪೆನ್ನು ಅಲ್ಲೇ ನಿಂತಿತು.

ಸಂಜೆ ಅಪ್ಪ ಎಮ್ಮೆ ಹಿಂಡುತ್ತಿದ್ದಾಗ ಕೇಳಿದೆ.

"ಅಪ್ಪಾ, ಆ ಸಾಹೇಬ ಯಾವ ಮಾತಿನಾಗ ಹೇಳ್ದ?"

"ಮರಾಠಿದಾಗ. ಅಂವಾ ಏನ್ ನಿನ್ನ ಸ್ವಾದರಮಾವ ಏನು, ಕನ್ನಡ ಆಡ್ಲಿಕ್ಕಿ?"

"ಹ್ಯಾಂಗ ಅಂದ, ಹಂಗೇ ಹೇಳು."

"ಪುಲಾಲಾ ಅಜೂನ್ ಅವಕಾಶ ಆಹೆ."

ಅಪ್ಪನ ಮರಾಠಿ ಪೇಟೆಯದು. ತೊಗರಿ, ಎಮ್ಮೆ, ಬಸ್ಸು, ಮದುವೆ, ಇವುಗಳ ಬಗ್ಗೆ ಯಾವ ಮರಾಠನಿಗೂ ಕಡಿಮೆಯಿಲ್ಲದೆ ಮಾತಾಡುತ್ತಾನೆ. ಅವಕಾಶ ಎಂಬುದು ಮೋಂಢಾದಲ್ಲಿ ಕೇಳುವ ಮಾತಲ್ಲ. ಅದನ್ನು ಅವನು ಕನ್ನಡದ್ದೇ ಎಂದು ತೆಗೆದುಕೊಂಡ. ನಮ್ಮಲ್ಲಿ ಅವಕಾಶ ಇದೆ ಎಂದರೆ ದಾರಿ ತೆರೆದಿದೆ ಎಂದು. ಸಾಹೇಬರು ಹೇಳಿದ್ದು, ಪೂಲಿಗೆ ಇನ್ನೂ ತಡವಿದೆ ಎಂದು. ನಾನು ಹೇಳಿದಾಗ ಅಪ್ಪ ಹಿಂಡುವುದನ್ನು ನಿಲ್ಲಿಸಲಿಲ್ಲ.

"ಅವಕಾಶ ಅಂದ್ರ ಅವಕಾಶ. ಅದ್ರಾಗೇನ್ ಎರಡು ಥರ ಇರ್ತಾವ? ನಾಲ್ಕು ಬುಕ್ಕ ಓದಿ ಎಲ್ಲಾದ್ರಾಗ ಹುಳಾ ಹುಡುಕಬ್ಯಾಡ."

ಆದರೆ ಮುಂದಿನ ಸೋಮವಾರ, "ನಡಿ, ನಿಲಂಗಾಕ್ಕ ಹೋಗಿ ಬರಮು. ನೀನೇ ಕೇಳು," ಎಂದ.

ಕಚೇರಿಯಲ್ಲಿ ಸಾಹೇಬರು ಒಳ್ಳೆಯ ಮನುಷ್ಯರ ಹಾಗೇ ಕಂಡರು. ಈ ಸಲವೂ ಚಹಾ ಹೇಳಿದರು. ಅಪ್ಪ ಮರಾಠಿಯಲ್ಲಿ ಪೂಲು ಏನಾಯಿತು ಎಂದು ಕೇಳಿದ. "ಸಾಂಗಿತಲಂ ನಾ ಕಾಕಾ, ಅಜೂನ್ ಅವಕಾಶ ಆಹೆ," ಎಂದರು, ಹೇಳಿದೆನಲ್ಲ ಎಂಬಂತೆ. ಅಪ್ಪ ನನ್ನ ಕಡೆ ತಿರುಗಿ, ಕೇಳಿದೆಯಾ ಎಂದು ಹುಬ್ಬು ಏರಿಸಿದ.

ನಾನು ಎರಡೇ ಮಾತು ಕೇಳಿದೆ. "ಕಿತಿ ಅವಕಾಶ, ಸರ್?" ಇನ್ನೂ ಎಷ್ಟು ತಡ ಎಂದು.

"ಎರಡು-ಮೂರು ವರ್ಷ ಆದರೂ ಬೇಕು," ಎಂದು ಅವರು ಮರಾಠಿಯಲ್ಲೇ ಹೇಳಿದರು. ಹಳೆಯ ನಕ್ಷೆಯಲ್ಲಿ ನಮ್ಮ ಊರು ಬಂಧಾರ ಕಟ್ಟಿದಾಗಲೇ ಬೇರೆ ಕಡೆ ಸ್ಥಳಾಂತರವಾಗಿದೆ ಎಂದಿದೆಯಂತೆ. ಇಲ್ಲದ ಊರಿಗೆ ಪೂಲು ಮಂಜೂರು ಮಾಡಿದವರು ಯಾರೆಂದು ಮೊದಲು ಪತ್ತೆಯಾಗಬೇಕಂತೆ. ಅಪ್ಪ ಚಹಾ ಪೂರ್ತಿ ಕುಡಿದ, ಕಪ್ಪು-ಬಸಿಯನ್ನು ಮೇಜಿನ ಮೇಲೆ ಸದ್ದಾಗದಂತೆ ಇಟ್ಟ. ಹೊರಗೆ ಬಂದ ಮೇಲೆ, "ಅವಕಾಶಕ್ಕ ವರ್ಷ ಎಲ್ಲಿಂದ ಬಂದ್ವು?" ಎಂದ. ನನ್ನನ್ನು ಕೇಳಿದಂತೆ ಇರಲಿಲ್ಲ.

ಊರಿನ ಬಸ್ಸು ಹಿಡಿಯಲಿಲ್ಲ. ಉದಗೀರಕ್ಕೆ ಹೋಗಿ, ಅಡತಿ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿ, ತಾನೇ ಬೇಡವೆಂದ ಖೋಲಿಯ ಬಾಗಿಲಲ್ಲಿ ಅಪ್ಪ ಚಪ್ಪಲಿ ಬಿಟ್ಟ.

"ತಂಗಿ, ಈಕಿದು ಒಂದು ವರ್ಷದ ಮಾತು. ಜ್ವಾಳಾ, ತೊಗರಿ, ತುಪ್ಪ ನಾ ಮುಟ್ಟಸ್ತೀನಿ."

"ಅಣ್ಣಾ, ಒಂದು ಚಾಪಿ ಹಾಸ್ಲಿಕ್ಕಿ ಜಾಗಾ ಕೇಳ್ಲಿಕ್ಕಿ ಇಷ್ಟ್ಯಾಕ ಮಾತು?" ಎಂದಳು ಕಾಕು. "ನಿಮ್ದೇ ಖೋಲಿ ಅಂತ ತಿಳ್ಕೋರಿ."

ಪ್ರೀತಿಯಿಂದಲೇ ಹೇಳಿದಳು. ಅದು ನನಗೆ ಚುಚ್ಚಿದಷ್ಟು ಯಾವ ಬೈಗುಳವೂ ಚುಚ್ಚಿಲ್ಲ. ಗೆಳತಿ ಚಾಪೆ ತಂದು ಗೋಡೆಯ ಕಡೆ ಹಾಸಿದಳು. ಕಿಟಕಿಯ ಕೆಳಗೆ ಅವಳದು. ಕಿಟಕಿಯ ಬಾಗಿಲಿನ ಉಳಿದರ್ಧಕ್ಕೂ ಬಣ್ಣ ಹಚ್ಚಿಯಾಗಿತ್ತು, ನೀಲಿ.

ಅಲ್ಲಿಂದ ನಾನು ಒಂದು ಪ್ರಯೋಗವನ್ನೂ ತಪ್ಪಿಸಲಿಲ್ಲ. ಪರೀಕ್ಷೆಗೆ ಕೂರಿಸುತ್ತೇವೆಂದು ಮೇಡಂ ಹೇಳಿದರು. ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೆ ಆ ಖೋಲಿಯೊಳಗೆ ಏನು ನೋಡಿದರೂ ಇದು ನಮ್ಮದಾಗಬೇಕಿತ್ತು ಎಂದೇ ಕಣ್ಣು ಓಡುತ್ತಿತ್ತು. ಮಳೆ ಜೋರಾದ ದಿನ ತೆಪ್ಪದ ಹಗ್ಗದ ಆ ತುದಿಯಲ್ಲಿ ಅಪ್ಪ, ಅವ್ವ ಇರುತ್ತಿದ್ದರು. ಈ ತುದಿಯಲ್ಲಿ ನಾನು ಇನ್ನೊಬ್ಬರ ಕಿಟಕಿ, ನಲ್ಲಿ, ರೊಟ್ಟಿ ಎಣಿಸುತ್ತಿದ್ದೆ.

ಒಂದು ವಾರ ಓಣಿಗೆ ನೀರು ತಡವಾಯಿತು. ಗೆಳತಿ ಕಿಟಕಿಯಿಂದ ಬಾಗಿ, ಸೈಕಲ್ಲಿನ ಮೇಲೆ ಹೋಗುತ್ತಿದ್ದ ನೀರು ಬಿಡುವವನನ್ನು ತಡೆದಳು.

"ಏ ಮಾಮಾ, ನಾವೇನ್ ಒಂಟಿ ಅದೀವೇನು, ಎಂಟು ದಿನಕ್ಕೊಮ್ಮಿ ಕುಡಿಲಿಕ್ಕಿ?"

ಅವನು ಸೈಕಲ್ಲಿನಿಂದ ಒಂದು ಕಾಲು ಕೆಳಗಿಟ್ಟು ಮೇಲೆ ನೋಡಿದ. "ಮೋಟರ್ ಸುಟ್ಟದ ಬೇಟಾ. ನಾಳಿ ಬಿಡ್ತೀನಿ, ಬೈಬ್ಯಾಡ."

ಮರುದಿನ ನೀರು ಬಂತು. "ಇದೂ ಒಂದು ಊರೇನ," ಎಂದು ಕೊಡ ತುಂಬುತ್ತ ಆಕೆ ಗೊಣಗಿದಳು. ಕಿಟಕಿ, ನಲ್ಲಿ, ಬಿಸಿ ರೊಟ್ಟಿ ಯಾವುದಕ್ಕೂ ಆಗದಷ್ಟು ಹೊಟ್ಟೆ ಉರಿ ಅವಳ ಆ ಗೊಣಗಾಟಕ್ಕೆ ಆಯಿತು. ಬೈದರೆ ಒಬ್ಬ ಮನುಷ್ಯ ನಿಂತು ಮೇಲೆ ನೋಡುತ್ತಾನೆ, ಉತ್ತರ ಕೊಡುತ್ತಾನೆ. ಅದು ಅವಳಿಗೆ ದೊಡ್ಡ ವಿಷಯ ಎನ್ನಿಸಿರಲೇ ಇಲ್ಲ.

ಮುಂದಿನ ಸಲ ನೀರು ತಡವಾದಾಗ, ಆಕೆ ಚಾಪೆಯಿಂದ ಏಳುವ ಮೊದಲೇ ನಾನು ಎದ್ದು, ಅವಳ ಕಾಲು ದಾಟಿ, ಏ ಮಾಮಾ ಎಂದು ಕೂಗಲು ಕಿಟಕಿಗೆ ಹೋದೆ.