ಮುಖ ತಿರುಗಿಸಿ ಕೊಟ್ಟ ಅಕ್ಕಿ

ಅಕ್ಕಿಚೀಲದ ಹೊಲಿಗೆ ಬಿಚ್ಚಿದಾಗ ಏಳುವ ತೌಡಿನ ವಾಸನೆ ನಿಮಗೂ ಗೊತ್ತಿರಬೇಕು. ಬೆಚ್ಚಗೆ, ಸ್ವಲ್ಪ ಸಿಹಿಯಾಗಿ, ಮೂಗಿನೊಳಗೆ ಪುಡಿಯಾಗಿ ಕೂಡುವಂಥದ್ದು. ಬಳ್ಳಾರಿಯ ನಮ್ಮ ಕಾಲೊನಿಯ ಹೆಂಗಸರು ಭಾನುವಾರಕ್ಕೊಮ್ಮೆ ನಡೆಸುವ ಫುಡ್ ಬ್ಯಾಂಕಿನಲ್ಲಿ ಮೊನ್ನೆ ಚೀಲ ಬಿಚ್ಚುತ್ತಿದ್ದೆ. ಪಕ್ಕದ ಮನೆಯ ವಿಮಲಾ ಅಕ್ಕಿಗೆ ಸಾಲಿನಲ್ಲಿ ನಿಂತ ಒಬ್ಬಾಕೆಯನ್ನು ನೋಡಿ, "ಆಕಿ ಕಿವ್ಯಾಗಿನ ಬಂಗಾರ ನೋಡ್ರಿ ಆಂಟಿ. ನಾವ ಆಕಿ ಹತ್ರ ಇಸ್ಕೊಂಡು ಬರಬೇಕು!" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆನೇನೋ. ಆದರೆ ಆ ವಾಸನೆ ಆಗಲೇ ನನ್ನನ್ನು ಸಿರುಗುಪ್ಪದ ಅಜ್ಜಿಯ ಹಿತ್ತಲಿಗೆ ಎಳೆದೊಯ್ದಿತ್ತು.

ಆ ಮನೆ ಈಗಿಲ್ಲ. ಚೀಲ ಒಟ್ಟಿದ ನಡುಮನೆ, ಸುಣ್ಣ ಬಳಿದ ಹಿತ್ತಲ ಕಟ್ಟೆ, ನಿಂಬೆಗಿಡದ ನೆರಳು, ಒಂದೂ ಇಲ್ಲ. ಗುರುವಾರ ಸಂಜೆ ಅಜ್ಜಿ ಮೊರದ ತುಂಬ ಅಕ್ಕಿ ತಂದು ಕಟ್ಟೆಯ ಮೇಲಿಟ್ಟು, ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದಳು. ಮನೆಯಲ್ಲಿ ಕಾಳಿಲ್ಲದವರು ಬಂದು ಸೆರಗಿಗೆ ಸುರಿದುಕೊಂಡು ಹೋಗುತ್ತಿದ್ದರು. ಖಾಲಿ ಮೊರ ಕೆಳಗಿಟ್ಟ ಸದ್ದಾದ ಮೇಲೆಯೇ ಅವಳು ತಿರುಗುವುದು. ಯಾರು ಬಂದರೆಂದು ಮನೆಯವರ್ಯಾರೂ ನೋಡಕೂಡದು. ಅದೇ ಅಜ್ಜಿ ಒಳಗೆ ಬಂದು, "ದುಡಿಯಾಕ ಮೈ ಬಗ್ಗಂಗಿಲ್ಲ ಇವರಿಗೆ" ಎಂದು ಗೊಣಗುವುದನ್ನೂ ಕೇಳಿದ್ದೇನೆ. ಹಾಗಾದರೆ ಆ ಬೆನ್ನಿನಲ್ಲಿ ಇದ್ದದ್ದು ಮರ್ಯಾದೆಯೋ, ತಾತ್ಸಾರವೋ? ಇವತ್ತಿಗೂ ಐ ಡೋಂಟ್ ನೋ.

ನನಗಾಗ ಒಂಬತ್ತು ವರ್ಷ. ಕಾನ್ವೆಂಟಿನಿಂದ ರಜೆಗೆ ಬಂದಿದ್ದೆ, ತಲೆ ತುಂಬ ಮ್ಯಾನರ್ಸ್. ಹಿರಿಯರು ಎದುರಾದರೆ ಮುಖ ನೋಡಿ ವಿಶ್ ಮಾಡಬೇಕೆಂದು ಸಿಸ್ಟರ್ ಕಲಿಸಿದ್ದರು. ಆ ಗುರುವಾರ ಕಟ್ಟೆಗೆ ಬಂದವರು ನನಗೆ ಅಕ್ಷರ ತಿದ್ದಿಸಿದ ಸರೋಜಮ್ಮ ಟೀಚರ್. ಮಡಿಕೆ ಮುರಿಯದ ಸೀರೆ, ಕಿವಿಯಲ್ಲಿ ಬೆಂಡೋಲೆ. ಅವರಿಗೆ ತಿಂಗಳುಗಟ್ಟಲೆ ಸಂಬಳ ಬಂದಿರಲಿಲ್ಲವೆಂದು ನನಗೆ ತಿಳಿದದ್ದು ಎಷ್ಟೋ ಆಮೇಲೆ. ಸೆರಗಿಗೆ ಆಗಲೇ ಅಕ್ಕಿ ಬಿದ್ದಿತ್ತು. ನಾನು ಓಡಿ ಬಂದು ನೆಟ್ಟಗೆ ನಿಂತು, "ಗುಡ್ ಈವನಿಂಗ್, ಟೀಚರ್!" ಎಂದೆ. ಅಜ್ಜಿಯ ಬೆನ್ನು ಸೆಟೆಯಿತು.

ಟೀಚರ್ ನಕ್ಕರು. "ಎಷ್ಟ್ ಎತ್ತರ ಬೆಳದೀಯವ್ವಾ! ಹಿಂಗ ಹೊಂಟಿದ್ದೆ, ನಿಮ್ಮಜ್ಜೀನ ಮಾತಾಡಿಸಿ ಹೋಗೋಣಂತ ಬಂದೆ" ಎನ್ನುತ್ತ, ಒಂದು ಕಾಳೂ ಚೆಲ್ಲದಂತೆ ಸೆರಗಿನ ಅಕ್ಕಿಯನ್ನು ಮೊರಕ್ಕೆ ಮರಳಿ ಸುರಿದರು. ಅಜ್ಜಿಯನ್ನು ಮಾತಾಡಿಸದೆಯೇ ಹೋದರು.

"ಚಲೋ ಕಲಿಸ್ಯಾರ ನೋಡವ್ವಾ ನಿಮ್ಮ ಕಾನ್ವೆಂಟಿನ್ಯಾಗ" ಎಂದಳು ಅಜ್ಜಿ. ಮರುದಿನ ಕೆಲಸದ ಹನುಮಕ್ಕನ ಕೈಯಲ್ಲಿ ಅವರ ಮನೆಗೆ ಅಕ್ಕಿ ಕಳಿಸಿದಳು. ಹನುಮಕ್ಕ ಚೀಲವನ್ನು ಹಾಗೇ ವಾಪಸು ತಂದಿಟ್ಟು, "ಬೇಕಾದಷ್ಟು ಐತಂತ್ರಿ" ಎಂದಳು. ಟೀಚರ್ ಮತ್ತೆಂದೂ ಹಿತ್ತಲಿಗೆ ಬರಲಿಲ್ಲ.

ವಿಮಲಾಗೆ ಇದನ್ನು ಹೇಳಬೇಕೆಂದುಕೊಂಡೆ. ಏನಂತ ಹೇಳಲಿ? ಸಾಲಿನಲ್ಲಿ ನಿಂತವರ ಮುಖ ನೋಡಬೇಡ ಎಂದೇ, ಸರಿಯಾಗಿ ನೋಡು ಎಂದೇ? ಮುಂದಿನವರ ಚೀಲಕ್ಕೆ ಅಕ್ಕಿ ಅಳೆದೆ. ಅಜ್ಜಿ ಹೋದಳು, ಟೀಚರ್ ಹೋದರು. ಆ ಗುರುವಾರ ಅವರ ಮನೆಯ ಒಲೆಯ ಮೇಲೆ ಏನು ಬೆಂದಿತೋ, ಏನಾದರೂ ಬೆಂದಿತೋ ಇಲ್ಲವೋ, ಕೇಳೋಣವೆಂದರೆ ಯಾರೂ ಉಳಿದಿಲ್ಲ.